ಬೀಳುವ ಯಂತ್ರ

ಕಂಪ್ಯೂಟರ್ ಕೊಳ್ಳಲು ಹೋದವರೆಲ್ಲ ಒಳ್ಳೆಯದನ್ನೇ ಕೇಳುತ್ತಾರೆ. ನಾನು ಕೆಟ್ಟದ್ದನ್ನು ಕೇಳಿದೆ. ಕೊಟ್ಟೂರಿನ ನಮ್ಮ ಮನೆಯಲ್ಲಿ ನನಗೆ ತಲೆ ಸರಿಯಿಲ್ಲವೆಂಬ ಮಾತು ಹುಟ್ಟಿದ್ದು ಅಲ್ಲಿಂದಲೇ. ಹಾಗೆಂದವರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಮನಸಾರೆ ಬೈದು ಹಗುರಾಗುತ್ತಿದ್ದೆ.

ನಾನು ಈ ಮನೆಗೆ ಸೊಸೆಯಾಗಿ ಬಂದವಳು. ತವರು ಹರಪನಹಳ್ಳಿ ಕಡೆಯ ಚಿಗಟೇರಿ. ಓದಿದ್ದು ದಾವಣಗೆರೆಯಲ್ಲಿ, ಎಂಜಿನಿಯರಿಂಗ್. ಗಂಡನ ಮನೆಯವರದು ಶೇಂಗಾ ಮಿಲ್ಲು. ಕಾಯಿ ಒಡೆದು, ಸಿಪ್ಪೆ ಹಾರಿಸಿ, ಬೀಜ ಬೇರೆ ಮಾಡಿ ಚೀಲ ತುಂಬುವ ವ್ಯವಹಾರ. ಮಿಲ್ಲಿಗೂ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಒಗೆದು ಹಾಕಿದ ಸೀರೆಯ ಮೇಲೂ ಸಿಪ್ಪೆಯ ಧೂಳು, ಕುದಿಯುವ ಸಾರಿನ ಮೇಲೂ ಸಿಪ್ಪೆಯ ಧೂಳು. ಮೊದಲ ವರ್ಷ ಒರೆಸಿದೆ, ಆಮೇಲೆ ಬಿಟ್ಟೆ.

ನನ್ನ ಕೆಲಸದ ಬಗ್ಗೆ ಹೇಳಬೇಕು. ಕಂಪ್ಯೂಟರಿನ ಪರದೆಯ ಮೇಲೆ ನಮಗೆ ಕಾಣುವ ಎಲ್ಲದರ ಅಡಿಯಲ್ಲಿ, ಯಂತ್ರದ ಜೊತೆ ನೇರವಾಗಿ ವ್ಯವಹರಿಸುವ ಒಂದು ಭಾಗ ಇರುತ್ತದೆ. ಅದಕ್ಕೆ ಕರ್ನಲ್ ಎನ್ನುತ್ತಾರೆ. ಜಗತ್ತಿನಲ್ಲಿ ಯಾರು ಬೇಕಾದರೂ ಓದಬಹುದಾದ, ತಪ್ಪು ಕಂಡರೆ ತಿದ್ದಿ ಕಳಿಸಬಹುದಾದ ಕರ್ನಲ್ ಒಂದಿದೆ. ಅದನ್ನು ನೋಡಿಕೊಳ್ಳುವ ಹಿರಿಯರು ನಿಮ್ಮ ತಿದ್ದುಪಡಿಯನ್ನು ಒಪ್ಪಿದರೆ ಅದರ ಜೊತೆ ನಿಮ್ಮ ಹೆಸರೂ ಶಾಶ್ವತವಾಗಿ ಸೇರುತ್ತದೆ. ಅದಕ್ಕೆ ಸಂಬಳವಿಲ್ಲ. ಆದರೆ ಆ ಹೆಸರನ್ನು ನೋಡಿ ಕೆಲಸ ಕೊಡುವವರಿದ್ದಾರೆ, ಕೊಟ್ಟೂರಿನಲ್ಲೇ ಕೂತು ಮಾಡುವಂಥ ಕೆಲಸ. ನಾನು ಅದರ ಆಸೆಯಲ್ಲಿದ್ದೆ, ಮನೆಯವರಿಗೂ ಅದನ್ನು ಮುಚ್ಚಿಟ್ಟಿರಲಿಲ್ಲ.

ಮಾವನವರು ಒಂದು ಗಡುವು ಹಾಕಿದರು. ಸಿಟ್ಟಿನಿಂದಲ್ಲ, ಸಮಾಧಾನದಿಂದಲೇ.

"ನೋಡವ್ವಾ, ದೀಪಾವಳಿಗೆ ನಮ್ದು ಹೊಸ ಲೆಕ್ಕ ಚಾಲೂ ಆಗತೈತಿ. ಅಷ್ಟರಾಗ ನಿಂದು ಏನಾರ ಒಂದು ದಡ ಮುಟ್ಟಿದ್ರ ಚಲೋ ಆತು, ನಾನೇನೂ ಬ್ಯಾಡ ಅನ್ನಂಗಿಲ್ಲ. ಇಲ್ಲಾಂದ್ರ ಮಿಲ್ಲಿನ ಆಫೀಸಿನಾಗ ನೀನ ಕುಂದ್ರು. ಹೊರಗಿನವರನ್ನ ಕುಂದ್ರಿಸಿ ಸಾಕಾಗೇತಿ."

"ಆತ್ರಿ" ಎಂದೆ. ನನಗೆ ಅದು ನ್ಯಾಯವಾಗಿಯೇ ಕಂಡಿತು. ಯಾಕೆಂದರೆ ಕಳಿಸಲು ಯೋಗ್ಯವಾದ ಒಂದು ತಪ್ಪು ಆಗಲೇ ನನ್ನ ಕೈಗೆ ಸಿಕ್ಕಿತ್ತು, ಅದೂ ಅದೇ ಮಿಲ್ಲಿನ ಆಫೀಸಿನಲ್ಲಿ.

ಅಲ್ಲಿ ತೂಕ ಬರೆದಿಡುವ ಹಳೆಯ ಕಂಪ್ಯೂಟರ್ ಒಂದಿತ್ತು. ನನ್ನ ಗಂಡ ಅದರಲ್ಲಿ ಇದೇ ಕರ್ನಲ್ ಇರುವ ವ್ಯವಸ್ಥೆಯನ್ನು ಹಾಕಿಸಿಕೊಂಡಿದ್ದ, ಪುಕ್ಕಟೆ ಸಿಗುತ್ತದೆಂದು. ಅದು ಆಗಾಗ ಬರೆದದ್ದನ್ನು ನುಂಗುತ್ತಿತ್ತು. ಬೆಳಿಗ್ಗೆ ಹೊಡೆದ ತೂಕ ಮಧ್ಯಾಹ್ನ ನೋಡಿದರೆ ಇಲ್ಲ. ಎಲ್ಲರೂ ಕರೆಂಟಿನವರನ್ನು ಬೈದು ಸುಮ್ಮನಾಗುತ್ತಿದ್ದರು. ನಾನು ಎರಡು ದಿನ ಅದರ ಮುಂದೆ ಕೂತೆ. ವಿಚಿತ್ರವೆಂದರೆ ಆ ಯಂತ್ರ ಆರುತ್ತಲೇ ಇರಲಿಲ್ಲ. ಗೋಡೆಯಾಚೆ ಮಿಲ್ಲಿನ ದೊಡ್ಡ ಮೋಟಾರು ಶುರುವಾದಾಗ ದೀಪಗಳು ಒಮ್ಮೆ ಮಂಕಾಗುತ್ತಿದ್ದವು, ಅಷ್ಟೇ. ಪರದೆ ಹಾಗೇ ಇರುತ್ತಿತ್ತು. ಆದರೆ ಆ ಒಂದು ಕ್ಷಣದಲ್ಲಿ ಒಳಗಿನ ಡಿಸ್ಕಿಗೆ ಮಾತ್ರ ಕರೆಂಟು ಸಾಲದೆ ಅದು ಬಿದ್ದು ಏಳುತ್ತಿತ್ತು. ಡಿಸ್ಕು ತನಗೆ ಕೊಟ್ಟದ್ದನ್ನು ಬರೆಯುವ ಮುಂಚೆ ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಬಿದ್ದಾಗ ಆ ನೆನಪು ಅಳಿದುಹೋಗುತ್ತದೆ. ಕರ್ನಲ್ ಏನು ಮಾಡುತ್ತಿತ್ತೆಂದರೆ, ಗೋಣಿಚೀಲ ಹೊತ್ತು ಬರುತ್ತಿದ್ದ ಹಮಾಲ ಮುಗ್ಗರಿಸಿ ಎದ್ದು ಬಂದರೆ ಚೀಲ ಎಲ್ಲಿ ಎಂದು ಕೇಳದೆ ಇನ್ನೊಂದನ್ನು ಹೊರಿಸುವ ಮೇಸ್ತ್ರಿಯ ಹಾಗೆ, ಕೆಲಸ ಮುಂದುವರಿಸುತ್ತಿತ್ತು. ತಪ್ಪು ಕರೆಂಟಿನದಿರಬಹುದು. ಆದರೆ ಕೇಳದೆ ಮುಂದುವರಿದದ್ದು ಕರ್ನಲಿನ ತಪ್ಪು.

ಅದನ್ನು ತಿದ್ದಿ, ಪರೀಕ್ಷಿಸಿ, ತೋರಿಸಬೇಕಿತ್ತು. ಅದಕ್ಕೆ ಯಾವ ಕಂಪ್ಯೂಟರ್ ಬೇಕು ಎಂಬ ಪ್ರಶ್ನೆ ಎದ್ದದ್ದು ಆಗ.

ಬರೆಯುವುದಕ್ಕೆ ನನ್ನ ಲ್ಯಾಪ್‌ಟಾಪ್ ಸಾಕಾಗಿತ್ತು. ಬರೆದದ್ದನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು ಕರ್ನಲನ್ನು ಪೂರ್ತಿ ಕಟ್ಟಲು ಅದಕ್ಕೆ ರೊಟ್ಟಿ ಬಡಿದು, ಪಲ್ಯ ಮಾಡಿ, ಎಲ್ಲರಿಗೂ ಬಡಿಸಿ ಬರುವಷ್ಟು ಹೊತ್ತು ಬೇಕಾಗುತ್ತಿತ್ತು. ನನ್ನ ದಿನಕ್ಕೆ ಅದು ಚೆನ್ನಾಗಿಯೇ ಹೊಂದುತ್ತಿತ್ತು. ಪರೀಕ್ಷೆ ಮಾಡುವುದಕ್ಕೆ ಬಹಳ ಜನ ಲ್ಯಾಪ್‌ಟಾಪಿನೊಳಗೇ ಒಂದು ಹುಸಿ ಕಂಪ್ಯೂಟರನ್ನು ಓಡಿಸುತ್ತಾರೆ. ಅದು ಎಷ್ಟು ಸಲ ಕೆಟ್ಟರೂ ಕ್ಷಣದಲ್ಲಿ ಹೊಸದಾಗಿ ಎಬ್ಬಿಸಬಹುದು, ಯಾರಿಗೂ ನಷ್ಟವಿಲ್ಲ. ನಾನೂ ಅದನ್ನೇ ಮಾಡಿ ನೋಡಿದೆ. ಆದರೆ ಹುಸಿ ಕಂಪ್ಯೂಟರಿನ ಡಿಸ್ಕೂ ಹುಸಿಯೇ. ಗೋಡೆಯಾಚೆಯ ಮೋಟಾರು ಅದಕ್ಕೆ ಕೇಳಿಸುವುದಿಲ್ಲ. ನನಗೆ ನಿಜವಾದ ಯಂತ್ರ ಬೇಕಿತ್ತು, ಅದೂ ಸರಿಯಾದ ರೀತಿಯಲ್ಲಿ ಕೆಟ್ಟಿರುವ ಯಂತ್ರ.

ಗಂಡ ಹಗರಿಬೊಮ್ಮನಹಳ್ಳಿಯ ಅಂಗಡಿಯಿಂದ ಹೊಸದು ತರುತ್ತೇನೆಂದ. ಬೇಡವೆಂದೆ.

"ಮತ್ತ್ಯಾವ್ದು ಬೇಕು ನಿನಗ?"

"ಆಫೀಸಿನಾಗ ಐತಲ್ಲ, ಆ ಹಳೇದನ್ನ ನನಗ ಕೊಡ್ರಿ. ಹೊಸಾದನ್ನ ಆಫೀಸಿಗೆ ಹಾಕ್ಕೊಳ್ರಿ."

"ಅದು ಕೆಟ್ಟೈತೆಲೇ."

"ಕೆಟ್ಟಿದ್ದಕ್ಕ ಬೇಕಾಗೇತಿ."

ಅವನು ಬಿದ್ದು ಬಿದ್ದು ನಕ್ಕ. ಆದರೆ ಕೂತು ಕೇಳಿದ. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ಮೋಟಾರು, ಡಿಸ್ಕು, ಕಳೆದುಹೋಗುವ ನೆನಪು, ಎಲ್ಲ. ಅರ್ಥವಾಯಿತು ಅವನಿಗೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಆದದ್ದು ಅರ್ಥವಾಗದೆ ಆದದ್ದಲ್ಲ.

ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ, ಜೋಳದ ಚೀಲಗಳ ನಡುವೆ ನನ್ನ ಪ್ರಯೋಗಶಾಲೆ ತಯಾರಾಯಿತು. ಹಳೆಯ ಯಂತ್ರದ ಬೆನ್ನಿಗೆ ತೂಕದ ಯಂತ್ರವನ್ನು ಜೋಡಿಸುವ ಹಳೆಯ ಕಾಲದ ಕಿಂಡಿಯೊಂದಿತ್ತು. ಈಗಿನವುಗಳಲ್ಲಿ ಅದು ಇರುವುದಿಲ್ಲ. ಡಿಸ್ಕು ಬಿದ್ದ ಗಳಿಗೆಯಲ್ಲಿ ಕರ್ನಲ್ ಹೇಳುವ ಮಾತುಗಳನ್ನು ಆ ಕಿಂಡಿಯಿಂದಲೇ ಇನ್ನೊಂದು ಯಂತ್ರಕ್ಕೆ ಇಳಿಸಿಕೊಳ್ಳಬಹುದು. ಮಿಲ್ಲಿನಲ್ಲಿ ಮೂಲೆಗೆ ಬಿದ್ದಿದ್ದ ತೂಕದ ಯಂತ್ರದ ಕೇಬಲ್ಲನ್ನು ಕತ್ತರಿಸಿ, ಎರಡು ತಂತಿ ಅದಲುಬದಲು ಮಾಡಿ ಸೇರಿಸಿ ನನ್ನ ಲ್ಯಾಪ್‌ಟಾಪಿಗೆ ಎಳೆದುಕೊಂಡೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದುದರಿಂದ ದೀಪ ಮಂಕಾದರೂ ಅದು ಎಚ್ಚರವಾಗಿಯೇ ಇರುತ್ತಿತ್ತು. ಹಳೆಯದನ್ನು ಮಾತ್ರ ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿದೆ, ಇನ್ವರ್ಟರ್ ಇಲ್ಲ, ಸ್ಟೆಬಿಲೈಸರ್ ಇಲ್ಲ. ಒಂದು ಯಂತ್ರ ಬೀಳುವುದಕ್ಕೆ, ಇನ್ನೊಂದು ಅದನ್ನು ನೋಡುವುದಕ್ಕೆ. ಅದಕ್ಕಿಂತ ಒಳ್ಳೆಯ ಜೋಡಿ ಯಾವ ಊರಿನಲ್ಲೂ ದುಡ್ಡು ಕೊಟ್ಟರೆ ಸಿಗುತ್ತಿರಲಿಲ್ಲವೆಂದು ಈಗಲೂ ನಂಬಿದ್ದೇನೆ.

ಬೆಳಿಗ್ಗೆ ಮಿಲ್ಲಿನಲ್ಲಿ ಸ್ಟಾರ್ಟರ್ ಎತ್ತಿದ ಸದ್ದು ಬಂದೊಡನೆ ನಾನು ಒಗ್ಗರಣೆಯನ್ನಾದರೂ ಬಿಟ್ಟು ಉಗ್ರಾಣಕ್ಕೆ ಓಡುತ್ತಿದ್ದೆ. ದೀಪ ಮಂಕು, ಡಿಸ್ಕಿನ ಕಟಕ್ ಸದ್ದು, ಲ್ಯಾಪ್‌ಟಾಪಿನ ಮೇಲೆ ಸಾಲು ಸಾಲು ಅಕ್ಷರ. ಬಿತ್ತು! ನನ್ನ ಮುಖ ಅರಳುತ್ತಿತ್ತು. ಇದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಬಿದ್ದರ ನಗತಾಳಲ್ಲ ಈಕಿ! ಯವ್ವಾ, ಮುಂಜಾನೆದ್ದು ಬೀಳಲಿ ಬೀಳಲಿ ಅನಬ್ಯಾಡ, ದುಡಿಯೋ ಮನಿ ಇದು."

"ಅದು ಬೀಳೋದ ನನ್ನ ಕೆಲಸ ಅತ್ತಿ."

"ಎಂಥಾ ಕೆಲಸನೋ ಏನೋ."

ಹೀಗೆ ಹಿಡಿದ ದಾಖಲೆಯನ್ನೂ ನನ್ನ ತಿದ್ದುಪಡಿಯನ್ನೂ ಸೇರಿಸಿ ಆ ಭಾಗವನ್ನು ನೋಡಿಕೊಳ್ಳುವ ಹಿರಿಯನಿಗೆ ಕಳಿಸಿದೆ. ಯಾವುದೋ ಚಳಿದೇಶದ ಮನುಷ್ಯ. ಉತ್ತರ ಬೇಗ ಬಂತು, ಚುಟುಕಾಗಿ: ನಿಮ್ಮಲ್ಲಿ ಕರೆಂಟು ಸರಿಯಿಲ್ಲ, ಮೊದಲು ಅದನ್ನು ಸರಿಮಾಡಿಕೊಳ್ಳಿ. ಓದಿ ಮೈಯೆಲ್ಲ ಉರಿಯಿತು. ಕೂಡ್ಲಿಗಿಯಿಂದ ಹಡಗಲಿವರೆಗೆ ಸರಿಯಾದ ಕರೆಂಟನ್ನು ನಾನೊಬ್ಬಳೇ ತಂದು ಕೊಡಬೇಕಂತೆ. ಕರ್ನಲ್ ಇರುವುದು ಅವನ ಮೇಜಿನ ಮೇಲಿನ ಯಂತ್ರಕ್ಕೆ ಮಾತ್ರವೇ? ಇದನ್ನೇ ಮರ್ಯಾದೆಯ ಮಾತಿನಲ್ಲಿ ಬರೆದೆ. ಅವನು ಒಪ್ಪಲಿಲ್ಲ. ಮತ್ತೆ ಬರೆದೆ. ಹೀಗೆ ಮಳೆಗಾಲವೆಲ್ಲ ಕಳೆಯಿತು.

ದಸರೆಗೆ ಸ್ವಲ್ಪ ಮುಂಚೆ ಅವ್ವನ ಕಣ್ಣಿನ ಆಪರೇಷನ್ನಿಗೆಂದು ತವರಿಗೆ ಹೋದೆ. ಹೊರಡುವಾಗ ಉಗ್ರಾಣದ ಬಾಗಿಲೆಳೆದು, "ಅದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಎಲ್ಲರೆದುರಿಗೂ ಹೇಳಿಯೇ ಹೋದೆ. ಚಿಗಟೇರಿಯಲ್ಲಿ ಅವ್ವನ ಕಣ್ಣಿಗೆ ಹನಿ ಹಾಕುತ್ತಾ ಕೂತಿದ್ದಾಗ ಆ ಚಳಿದೇಶದವನ ಪತ್ರ ಬಂತು. ಈ ಸಲ ಉದ್ದವಾಗಿತ್ತು. ನೀವು ಹೇಳುವುದು ನಿಜವಿರಬಹುದು ಎಂದು ಬರೆದಿದ್ದ. ಡಿಸ್ಕಿಗೆ ಕೊಟ್ಟ ಒಂದೊಂದು ಆಜ್ಞೆಯನ್ನೂ ದಾಖಲಿಸುವ ಒಂದು ತುಣುಕನ್ನು ಜೊತೆಗೆ ಕಳಿಸಿದ್ದ. ಇದನ್ನು ಹಾಕಿ, ಅದೇ ಯಂತ್ರದಲ್ಲಿ ಇನ್ನೊಮ್ಮೆ ಬೀಳಿಸಿ, ದಾಖಲೆ ಕಳಿಸಿ, ಸರಿಯಿದ್ದರೆ ನಿಮ್ಮ ತಿದ್ದುಪಡಿಯನ್ನು ತೆಗೆದುಕೊಳ್ಳುತ್ತೇನೆ.

ಒಂದೇ ಸಲ ಬಿದ್ದರೆ ಸಾಕು. ಅವ್ವನನ್ನು ತಬ್ಬಿಕೊಂಡೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅವಳು ಗಾಬರಿಯಾಗಿ ಏನಾಯಿತೆಂದು ಕೇಳಿದಳು. "ನಿನ್ನ ಮಗಳು ಗೆದ್ದಳು" ಎಂದೆ. ಆ ದಿನದಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆಯುಧ ಪೂಜೆಯ ದಿನ ಬೆಳಗಿನ ಬಸ್ಸಿಗೆ ಕೊಟ್ಟೂರಿಗೆ ಬಂದೆ. ಮಿಲ್ಲು ಬಂದ್ ಆಗಿತ್ತು, ಮೋಟಾರಿಗೆ ಬಾಳೆಕಂದು ಕಟ್ಟಿದ್ದರು. ಮಿಲ್ಲು ಶುರುವಾಗುವ ದಿನ ಬೆಳಿಗ್ಗೆ ಬೀಳಿಸಿದರಾಯಿತೆಂದುಕೊಂಡು ಒಳಗೆ ಹೋದೆ.

ಈ ಮನೆಯಲ್ಲಿ ಒಂದು ಪದ್ಧತಿ ಇದೆ. ಪೂಜೆಗೆ ಮುಂಚೆ ಮನೆಯ ಆಯುಧಗಳೆಲ್ಲ ರಿಪೇರಿಯಾಗಬೇಕು. ಹೊಲಿಗೆ ಯಂತ್ರಕ್ಕೆ ಎಣ್ಣೆ, ಮೊಂಡಾದ ಈಳಿಗೆಗೆ ಸಾಣೆ, ಪಂಕ್ಚರಾದ ಸೈಕಲ್ಲಿಗೆ ಟ್ಯೂಬು. ಕೆಟ್ಟ ಸಾಮಾನನ್ನು ಪೂಜೆಗೆ ಇಡಬಾರದು, ದುಡಿಯುವ ಸಾಮಾನನ್ನು ಪೂಜೆಯಿಂದ ಬಿಡಲೂಬಾರದು. ಅದು ಒಳ್ಳೆಯ ಪದ್ಧತಿಯೆಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಉಗ್ರಾಣದ ನೆಲ ಸಾರಿಸಿ ರಂಗೋಲಿ ಹಾಕಿತ್ತು. ನನ್ನ ಯಂತ್ರ ಮಿಂದು ಬಂದ ಹಾಗೆ ಥಳಥಳಿಸುತ್ತಿತ್ತು. ಅದರ ಹಣೆಗೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ಹೊಸ ಸ್ಟೆಬಿಲೈಸರ್, ಅದಕ್ಕೂ ವಿಭೂತಿ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ಸೀರೆ ಉಡುಗೊರೆ ಕೊಟ್ಟವರು ನೋಡುವ ಹಾಗೆ.

"ಎಷ್ಟ ದಿವಸ ಅಂತ ಆ ಕೆಟ್ಟಿದ್ರ ಜೋಡಿ ಗುದ್ದಾಡ್ತಿ? ಹಗರಿಬೊಮ್ಮನಹಳ್ಳಿಯಿಂದ ರಿಪೇರಿಯವನ್ನ ಕರಿಸಿ ಎಲ್ಲಾ ಮಾಡಿಸೀನಿ. ಇನ್ನ ಬೀಳಂಗಿಲ್ಲ ನೋಡು."

"ಏನ ಮಾಡ್ಸೀರಿ ಅತ್ತಿ?"

"ಒಳಗಿನ ಕರೆಂಟಿನ ಡಬ್ಬಿ ಹೊಸಾದು. ಡಿಸ್ಕಂತಲ್ಲ, ಅದೂ ಹೊಸಾದು. ಮಿಲ್ಲಿನ ಲೈನು ಬಿಡಿಸಿ ಬ್ಯಾರೆ ಲೈನಿಗೆ ಹಾಕ್ಯಾನ."

"ಹಳೇವು ಎಲ್ಯಾವ?"

"ಒಯ್ದಾನ ಅವನ. ಗುಜರಿ ಸಾಮಾನು ಮನ್ಯಾಗ್ಯಾಕ?"

ನಾನು ಚೀಲದ ಮೇಲೆ ಕುಸಿದು ಕೂತೆ. ಅಳು ಬರಲಿಲ್ಲ. ಅತ್ತೆ, ಪ್ರಯಾಣದ ಆಯಾಸವೆಂದು, ಚಹಾ ತಂದುಕೊಟ್ಟರು. ಆ ಚಹಾವನ್ನು ಕುಡಿದೆ ಕೂಡ.

ಏನು ಕಳೆದುಹೋಯಿತೆಂದು ಯಾರಿಗಾದರೂ ಹೇಗೆ ಹೇಳುವುದು? ನಾನು ಬರೆದ ಒಂದಕ್ಷರವೂ ಹೋಗಿರಲಿಲ್ಲ, ಅದೆಲ್ಲ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿತ್ತು. ಹೋದದ್ದು ಒಂದು ದೋಷ. ಸವೆದ ಕರೆಂಟಿನ ಡಬ್ಬಿ, ಮುದಿ ಡಿಸ್ಕು, ಮಿಲ್ಲಿನ ಲೈನು, ಈ ಮೂರೂ ಸೇರಿ ಹುಟ್ಟಿದ್ದ, ಎಲ್ಲೂ ಕೊಳ್ಳಲು ಸಿಗದ ಒಂದು ದೋಷ. ಕಳ್ಳತನವಾಗಿದ್ದರೆ ಪೊಲೀಸ್ ಠಾಣೆಗೆ ಹೋಗಬಹುದಿತ್ತು. ರಿಪೇರಿಯಾಗಿದೆಯೆಂದು ಯಾರ ಹತ್ತಿರ ಹೋಗಿ ದೂರುವುದು?

ಬನ್ನಿ ಹಬ್ಬದ ದಿನ ಎಲ್ಲರೂ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುತ್ತಿದ್ದಾಗ ನಾನು ರಿಪೇರಿಯವನಿಗೆ ಫೋನು ಹಚ್ಚಿದೆ.

"ಹಳೇವು ಹಡಗಲಿ ಗುಜರಿಯವ್ರು ಒಯ್ದ್ರು ಮೇಡಂ. ಚಿಂತಿ ಮಾಡಬ್ಯಾಡ್ರಿ, ಹೊಸಾವಕ್ಕ ಗ್ಯಾರಂಟಿ ಐತಿ."

"ನನಗ ಹಳೇವು ಬೇಕಾಗಿದ್ವು."

ಅವನು "ಮನ್ಯಾಗ ಯಾರಾರ ಗಂಡಸರು ಅದಾರೇನ್ರಿ?" ಎಂದು ಕೇಳಿದ.

ಹಡಗಲಿಗೆ ಹೋದೆ. ಗುಜರಿ ಅಂಗಡಿಯಲ್ಲಿ ಅಂಥ ಡಬ್ಬಿಗಳು ಒಂದು ರಾಶಿಯೇ ಇದ್ದವು, ಎಲ್ಲವನ್ನೂ ಬಿಚ್ಚಿ ತಾಮ್ರ ತೆಗೆದಿದ್ದರು. ಕೂಡ್ಲಿಗಿಯಲ್ಲಿ ಒಬ್ಬ ಜೆರಾಕ್ಸ್ ಅಂಗಡಿಯವನ ಹತ್ತಿರ ಹಳೆಯ ಯಂತ್ರವಿದೆಯೆಂದು ಕೇಳಿ ಅದನ್ನು ಬಾಡಿಗೆಗೆ ತಂದು ಮಿಲ್ಲಿನ ಲೈನಿಗೇ ಹಾಕಿದೆ. ಮೋಟಾರು ಶುರುವಾದಾಗ ಅದು ಪೂರ್ತಿ ಆರಿಹೋಯಿತು. ಹರಪನಹಳ್ಳಿಯಿಂದ ಅಣ್ಣ ಇನ್ನೊಂದು ಕಳಿಸಿದ. ಅದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಪೂರ್ತಿ ಸಾಯುವ ಯಂತ್ರಗಳು ಸಿಗುತ್ತವೆ, ಪೂರ್ತಿ ಬದುಕುವವೂ ಸಿಗುತ್ತವೆ. ನನಗೆ ಬೇಕಾದದ್ದು, ಮೇಲೆ ಗಟ್ಟಿಯಾಗಿ ಕಂಡು ಒಳಗೆ ಮಾತ್ರ ಒಂದು ಕ್ಷಣ ಎಚ್ಚರ ತಪ್ಪುವಂಥದ್ದು. ಅಂಥದ್ದು ಮತ್ತೆ ಸಿಗಲಿಲ್ಲ. ಚಳಿದೇಶದವನಿಗೆ ಸಮಯ ಕೊಡಿ ಎಂದು ಬರೆದೆ, ಕೊಟ್ಟ. ಆಮೇಲೆ ಅವನೂ ಬೇರೆ ಕೆಲಸಗಳಲ್ಲಿ ಮರೆತ.

ದೀಪಾವಳಿಗೆ ಎರಡು ದಿನ ಮುಂಚೆ ಗಂಡನನ್ನು ಕೇಳಿದೆ. ಅಷ್ಟು ದಿನ ಕೇಳದೆ ಉಳಿದದ್ದು ಉತ್ತರದ ಭಯಕ್ಕೇ.

"ರಿಪೇರಿಯವ ಬಂದಾಗ ನೀವು ಮನ್ಯಾಗ ಇದ್ರೇನ್ರಿ?"

"ಇದ್ದೆ."

"ನಿಮಗ ಗೊತ್ತಿತ್ತಲ್ಲ. ಹೇಳಿದ್ದೆನಲ್ಲ ನಾನು."

ಅವನು ಮೊಬೈಲನ್ನು ಕೆಳಗಿಟ್ಟ. "ಗೊತ್ತಿತ್ತು. ಆದ್ರ ಹಬ್ಬದ ಮುಂದ ಅವ್ವನ ಜೋಡಿ ಏನ್ ವಾದ ಮಾಡ್ಲಿ? ಆಕಿ ಅಷ್ಟು ಪ್ರೀತೀಲೆ ಮಾಡಿಸಾಕತ್ತಿದ್ಲು. ಒಂದು ಹಳೇ ಡಬ್ಬಿ ಸಲುವಾಗಿ ಮನಸ್ಸು ಯಾಕ ಕೆಡಿಸೋದು ಅಂತ ಸುಮ್ನಾದೆ."

ಅತ್ತೆಯ ಮೇಲೆ ನನಗಿದ್ದ ಸಿಟ್ಟು ಆ ಕ್ಷಣಕ್ಕೆ ಇಳಿದುಹೋಯಿತು. ಅವರಿಗೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು. ಮನೆಯ ಶಾಂತಿ ಎಂದು ಇವನು ಕರೆದದ್ದಕ್ಕೆ ಬೆಲೆ ತೆತ್ತವಳು ನಾನು, ಅದೂ ನಾನು ಊರಲ್ಲಿಲ್ಲದಾಗ. ಒಂದು ಮಾತು, "ಆಕಿ ಬರೋತನ ತಡಿರಿ" ಎಂಬ ಒಂದು ಮಾತು ಸಾಕಾಗಿತ್ತು. ಅದನ್ನು ಆಡುವಷ್ಟು ದೊಡ್ಡದಾಗಿ ನನ್ನ ಕೆಲಸ ಅವನಿಗೆ ಕಂಡಿರಲೇ ಇಲ್ಲ. ಇದನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸಿದಂತೆ ನಡೆದುಕೊಳ್ಳುತ್ತೇನೆ ಅಷ್ಟೆ.

ಲಕ್ಷ್ಮೀಪೂಜೆಯಾಯಿತು. ಮಾವನವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಮರುದಿನದಿಂದ ಮಿಲ್ಲಿನ ಆಫೀಸಿನಲ್ಲಿ ಕೂತೆ. ತೂಕ ಹೊಡೆಯುತ್ತೇನೆ, ರೈತರಿಗೆ ಚೀಟಿ ಕೊಡುತ್ತೇನೆ, ಲಾರಿಯವರ ಜೊತೆ ಜಗಳವಾಡುತ್ತೇನೆ. ಚೆನ್ನಾಗಿ ಮಾಡುತ್ತಾಳೆ ಎಂದು ಹೆಸರೂ ಬಂದಿದೆ. ಉಗ್ರಾಣದ ಯಂತ್ರವನ್ನು ಓಣಿಯ ಹುಡುಗಿಯರ ಟೈಪಿಂಗ್ ಕಲಿಕೆಗೆಂದು ಅತ್ತೆಯೇ ಯಾರಿಗೋ ಕೊಟ್ಟರು.

ಮುಂದಿನ ಬೇಸಿಗೆಯಲ್ಲಿ, ಆಫೀಸಿನಲ್ಲಿ ಕೂತಿದ್ದಾಗಲೇ, ಒಂದು ಪತ್ರ ಬಂತು. ದೊಡ್ಡ ಕಂಪನಿಯೊಂದರ ಎಂಜಿನಿಯರ್ ಒಬ್ಬ ಅದೇ ತಪ್ಪನ್ನು ಕಂಡುಹಿಡಿದಿದ್ದ. ಅವರ ಲ್ಯಾಬಿನಲ್ಲಿ ಕರೆಂಟನ್ನು ಬೇಕೆಂದಾಗ ಬೇಕೆಂದಷ್ಟು ಇಳಿಸುವ ಉಪಕರಣವಿದೆಯಂತೆ. ನನ್ನ ಮಿಲ್ಲಿನ ಮೋಟಾರು ಪುಕ್ಕಟೆ ಮಾಡುತ್ತಿದ್ದುದನ್ನೇ ಅದು ಮಾಡುತ್ತದೆ. ಅಲ್ಲಿ ಆದಾಗ ಅದು ಕೆಟ್ಟ ಕರೆಂಟು ಆಗಲಿಲ್ಲ, ಕರ್ನಲಿನ ತಪ್ಪಾಯಿತು. ಅವನ ತಿದ್ದುಪಡಿ ನನ್ನದರಂತೆಯೇ ಇತ್ತು, ಒಪ್ಪಿಗೆಯೂ ಸಿಕ್ಕಿತ್ತು, ಕರ್ನಲಿಗೆ ಸೇರುವುದೊಂದೇ ಬಾಕಿ. ಚಳಿದೇಶದ ಹಿರಿಯ ನನ್ನನ್ನು ನೆನಪಿಸಿಕೊಂಡು ಅವನಿಗೆ ತಿಳಿಸಿದ್ದನೆಂದು ಕಾಣುತ್ತದೆ. ಅವನು ವಿನಯದಿಂದ ಕೇಳಿದ್ದ: ನಮ್ಮದು ಲ್ಯಾಬಿನ ಪರೀಕ್ಷೆ ಮಾತ್ರ, ನಿಜವಾಗಿ ಹೀಗೆ ಬೀಳುವ ಯಂತ್ರ ನಿಮ್ಮಲ್ಲಿದೆಯಂತೆ, ದಯವಿಟ್ಟು ಅದರಲ್ಲಿ ಒಮ್ಮೆ ಓಡಿಸಿ ನೋಡುತ್ತೀರಾ, ಪರೀಕ್ಷಿಸಿದವರೆಂದು ನಿಮ್ಮ ಹೆಸರನ್ನು ಸೇರಿಸುತ್ತೇವೆ.

ಹೊರಗೆ ತೂಕಕ್ಕೆ ಚೀಲ ಇಳಿಸುತ್ತಿದ್ದರು. ಉತ್ತರ ಬರೆದೆ. ಕ್ಷಮಿಸಿ, ಆ ಯಂತ್ರ ಈಗ ಹಾಗೆ ಬೀಳುವುದಿಲ್ಲ, ನನ್ನ ಮನೆಯವರು ಅದನ್ನು ರಿಪೇರಿ ಮಾಡಿಸಿದರು.

ಸಂಜೆಯೊಳಗೆ ಅವನ ಉತ್ತರವೂ ಬಂತು, ಒಂದೇ ಸಾಲು. ಪರವಾಗಿಲ್ಲ, ನಿಮ್ಮ ಯಂತ್ರ ಸರಿಹೋಯಿತೆಂದು ತಿಳಿದು ಸಂತೋಷವಾಯಿತು.